ಲೆಬರ್ಟ್ ಬೇಲಿ ಸರಿಸಿದ ಬಗೆ

ಇಂಗ್ಲಿಷಿನಲ್ಲಿ ‘ಇಂಚ್ ಓವರ್’ ಎಂಬ ಮಾತೊಂದಿದೆ. ಕಂಡೂ ಕಾಣದ ಹಾಗೆ, ಅಷ್ಟಷ್ಟೇ ಆಚೆ ಬದಿಗೆ ಸರಿಯುವುದು ಎಂದು ಅದರ ಅರ್ಥ. ನಮ್ಮ ಹಾಫ್‌ವೇ ಸ್ಪ್ರಿಂಗ್ ಶಾಲೆಯ ಐದನೇ ತರಗತಿಗೆ ನಾನು ಅದನ್ನು ವರ್ಷವರ್ಷವೂ ಕಲಿಸುತ್ತಿದ್ದೆ. ಮಕ್ಕಳು ಮನೆಯಲ್ಲಿ ಆಡುವ ಮಾತು ಬೇರೆ, ಪುಸ್ತಕದ ಇಂಗ್ಲಿಷ್ ಬೇರೆ. ಹಾಗಾಗಿ ಅರ್ಥ ಹೇಳಿದರೆ ಸಾಲದು, ವಾಕ್ಯದಲ್ಲಿ ಬಳಸಿ ತೋರಿಸಿ ಎನ್ನುತ್ತಿದ್ದೆ.

ಒಬ್ಬಳು ಎದ್ದು, “ಗೆಳತಿಗೆ ಜಾಗ ಮಾಡಿಕೊಡಲು ನಾನು ಬೆಂಚಿನ ಮೇಲೆ ಆಚೆ ಸರಿದೆ” ಎಂದಳು. ಸರಿ, ಕೂತ್ಕೋ ಎಂದೆ. ಇನ್ನೊಬ್ಬಳು ಎದ್ದಳು. ಕಣ್ಣಲ್ಲೇ ತುಂಟತನ. “ಮಿಸ್ಟರ್ ಲೆಬರ್ಟ್ ಮಿಸ್ ಅಯೋನಿಯ ಜಾಗದೊಳಕ್ಕೆ ಬೇಲಿಯನ್ನು ಅಷ್ಟಷ್ಟೇ ಸರಿಸುತ್ತಿದ್ದಾನೆ” ಎಂದಳು. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು.

ನನ್ನ ಮೈ ಉರಿಯಿತು. ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ, ಪೂರ್ತಿ ಅಂಕ ಕೊಡಲೇಬೇಕಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಊರಿನ ಕೊಳಕು ಮಾತು ಮಕ್ಕಳ ಬಾಯಿಗೆ ಬಂದು, ನನ್ನದೇ ಪಾಠದ ಉದಾಹರಣೆಯಾಗಿ ನಿಂತಿತ್ತು. ಆ ಹುಡುಗಿಯನ್ನು ಬೈಯಲಿಲ್ಲ. ಕಳ್ಳನ ಹಾಗೆ ನುಸುಳುವುದೇ ಬೇರೆ, ಹೀಗೆ ಸರಿಯುವುದೇ ಬೇರೆ, ಇದರಲ್ಲಿ ತಲುಪಬೇಕಾದ ಜಾಗ ಒಂದಿರುತ್ತದೆ ಎಂದಷ್ಟೇ ಹೇಳಿ ಗಂಟೆ ಬಾರಿಸುವುದನ್ನು ಕಾಯ್ದೆ. ಲೆಬರ್ಟ್ ತಲುಪಬೇಕಾದ ಜಾಗ ಯಾವುದೆಂದು ಆಗ ನನಗೂ ಗೊತ್ತಿರಲಿಲ್ಲ.

ಲೆಬರ್ಟ್ ಫೇಸಿ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಓದಿದೆ, ಅವನು ಕೂತಿದ್ದ ಎಂದರೆ ಹೆಚ್ಚು ಸರಿ. ತೆಂಗಿನ ಮರದಷ್ಟು ಎತ್ತರ, ಆದರೆ ಅವನಷ್ಟು ನಿಧಾನದ ಮನುಷ್ಯನನ್ನು ನಮ್ಮ ದ್ವೀಪದ ಕ್ಲಾರೆಂಡನ್ನಿನ ಈ ಗುಡ್ಡಗಳಲ್ಲಿ ನಾನು ಕಂಡಿಲ್ಲ. ಗೆಣಸಿನ ಬಳ್ಳಿಗೆ ಮಣ್ಣು ಏರಿಸುವುದು, ಸತ್ತವರಿಗೆ ಗುಂಡಿ ತೋಡುವುದು, ಬೇಲಿಯ ಗಿಡ ಕತ್ತರಿಸಿ ಸಮ ಮಾಡುವುದು ಅವನ ಕಸುಬು. ಅವನು ತೋಡಿದ ಗುಂಡಿಯ ಮೂಲೆಗಳು ಮೇಜಿನ ಮೂಲೆಯ ಹಾಗೆ ನೇರವಾಗಿರುತ್ತಿದ್ದವು. ಅದಕ್ಕಾಗಿ ಸತ್ತವರು ಎಷ್ಟು ಹೊತ್ತು ಕಾದರೂ ಅವನಿಗೆ ಚಿಂತೆಯಿರಲಿಲ್ಲ. ದಾರಿಯಲ್ಲಿ ಸಿಕ್ಕಾಗ “ಹೇಗಿದ್ದೀಯ ಲೆಬರ್ಟ್?” ಎಂದರೆ ಒಂದೇ ಉತ್ತರ.

“ಸರೀತಾ ಇದೀನಿ ಟೀಚರೇ, ಅಷ್ಟಷ್ಟೇ.”

ಪ್ಯಾನ್ಸಿ ಎಂಬ ಒಳ್ಳೆಯ ಹೆಂಗಸು ಅವನ ಜೊತೆ ಬಾಳಲು ಬಂದಿದ್ದಳು. ಮದುವೆ ಯಾವಾಗ ಎಂದರೆ ಸೂರಿಗೆ ತಗಡು ಹೊದಿಸಿ ಆಗಲಿ ಎಂದ. ತಗಡು ಬಂತು. ನೆಲಕ್ಕೆ ಸಿಮೆಂಟು ಬೀಳಲಿ ಎಂದ. ಸಿಮೆಂಟೂ ಬಿತ್ತು. ಆಮೇಲೆ ವರಾಂಡ ಎಂದ. ಪ್ಯಾನ್ಸಿ ಒಂದು ಬೆಳಿಗ್ಗೆ ಪೆಟ್ಟಿಗೆ ಹೊತ್ತು ಮೇ ಪೆನ್ ಪಟ್ಟಣದ ಬಸ್ಸು ಹತ್ತಿದಳು. ತಡೆಯಬೇಕೆಂದು ಲೆಬರ್ಟ್ ಹೊರಟಿದ್ದು ನಿಜ. ಶೂ ಹುಡುಕಿ, ಹಾಕಿಕೊಂಡು, ಲೇಸು ಕಟ್ಟಿಕೊಂಡು ರಸ್ತೆಗೆ ಬರುವ ಹೊತ್ತಿಗೆ ಬಸ್ಸಿನ ಧೂಳೂ ಇಳಿದುಹೋಗಿತ್ತು. ಈಗಲೂ ಪ್ಯಾನ್ಸಿಯ ಹೆಸರು ಬಂದರೆ ಅವನು ಟೊಪ್ಪಿಗೆ ತೆಗೆದು ಅದರ ಒಳಗೆ ನೋಡುತ್ತಾ ಕೂರುತ್ತಾನೆ.

ಇನ್ನು ಬೇಲಿಯ ಕಥೆ. ನಮ್ಮಲ್ಲಿ ಮಗು ಹುಟ್ಟಿದರೆ ಹೊಕ್ಕುಳಬಳ್ಳಿಯನ್ನು ಮಣ್ಣಲ್ಲಿ ಹೂತು, ಮೇಲೊಂದು ಸಸಿ ನೆಡುತ್ತಾರೆ. ಆ ಮರ ಆ ಮಗುವಿನದು. ಮಿಸ್ ಅಯೋನಿಗೆ ಹೋಪ್ಟನ್ ಹುಟ್ಟಿದಾಗ ಸೂಲಗಿತ್ತಿ ಅವನ ಬಳ್ಳಿಯನ್ನು ಹಿತ್ತಿಲಲ್ಲಿ ಹೂತು, ಹಲಸಿನ ಜಾತಿಯ ಜೀಗುಜ್ಜೆ ಸಸಿ ನೆಟ್ಟಳು. ಆಗ ಆ ನೆಲವೆಲ್ಲ ಒಂದೇ. ಅಯೋನಿಯ ತಾಯಿ ಮತ್ತು ಲೆಬರ್ಟನ ಅಪ್ಪ ಮನಾಸೆ ಒಡಹುಟ್ಟಿದವರು. ಆಮೇಲೆ ಅವರಿಬ್ಬರಿಗೆ ಒಂದು ಹಂದಿಯ ವಿಷಯಕ್ಕೆ ಜಗಳ ಬಂತು. ಯಾರ ಹಂದಿ ಯಾರ ಗೆಣಸು ತಿಂದಿತು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಜಾಗ ಪಾಲಾಯಿತು. ಮನಾಸೆ ನಡುವೆ ಕ್ರೋಟನ್ ಗಿಡಗಳ ಸಾಲು ನೆಟ್ಟ. ನಮ್ಮ ಗುಡ್ಡಗಳಲ್ಲಿ ಗಡಿ ಎಂದರೆ ಕ್ರೋಟನ್ನೇ, ಕಲ್ಲಿಗಿಂತ ಅದಕ್ಕೇ ಮರ್ಯಾದೆ ಹೆಚ್ಚು. ಹೋಪ್ಟನ್‌ನ ಜೀಗುಜ್ಜೆ ಮನಾಸೆಯ ಕಡೆಗೆ ಬಿತ್ತು.

ಅಯೋನಿ ಹೋಗಿ ಕೇಳಿದಳು. ಸಾಲನ್ನು ಅಷ್ಟು ಆಚೆ ನೆಡು, ಮರ ಒಂದು ನನಗಿರಲಿ ಎಂದಳು. ಮನಾಸೆ ನಕ್ಕುಬಿಟ್ಟ.

“ಹೊಕ್ಕುಳಬಳ್ಳಿ ನಿಂದು, ನೆಲ ನಂದು. ಬೇಕಾದ್ರೆ ಅಗೆದುಕೊಂಡು ಹೋಗು.”

ಮಗುವಿನ ಹೊಕ್ಕುಳಬಳ್ಳಿಯನ್ನು ಅಗೆಯಲು ಹೇಳುವ ಮನುಷ್ಯನಿಗೆ ಏನೆನ್ನಬೇಕು? ನಾನಾಗಿದ್ದರೆ ಕೈಗೆ ಸಿಕ್ಕಿದ್ದನ್ನು ಎತ್ತುತ್ತಿದ್ದೆ. ಅಯೋನಿ ಎತ್ತಿದ್ದು ಮಾತನ್ನು. ಊರೆಲ್ಲ ಕೇಳುವ ಹಾಗೆ ಅಂಗಳದ ನಡುವೆ ನಿಂತು, “ಇನ್ನು ಈ ಫೇಸಿಗಳ ನೆಲದ ಮೇಲೆ ಕಾಲಿಟ್ಟರೆ ನನ್ನ ಕಾಲು ಕೊಳೆತು ಹೋಗಲಿ” ಎಂದು ಆಣೆಯಿಟ್ಟು ಬಂದಳು. ಅವಳು ಶನಿವಾರದ ಚರ್ಚಿನವಳು, ಅಡ್ವೆಂಟಿಸ್ಟ್. ಮಾತು ಕೊಟ್ಟರೆ ಮುಗಿಯಿತು. ಎಷ್ಟೋ ವರ್ಷ ಆ ಸಾಲನ್ನು ದಾಟಲಿಲ್ಲ.

ಹೋಪ್ಟನ್ ಬೆಳೆದ. ಜೀಗುಜ್ಜೆಯೂ ಬೆಳೆಯಿತು. ಅವನು ಮೀನು ಹಿಡಿಯುವ ದೋಣಿಗಳ ಜೊತೆ ಸಮುದ್ರದ ನಡುವಿನ ದೂರದ ಮರಳುದಿಬ್ಬಗಳಿಗೆ ಹೋಗತೊಡಗಿದ. ಒಂದು ಸಲ ಗಾಳಿ ಎದ್ದು ದೋಣಿ ಹಿಂತಿರುಗಲಿಲ್ಲ. ಹಲಗೆ ಸಿಕ್ಕಿತು, ಬಲೆ ಸಿಕ್ಕಿತು, ಹುಡುಗರು ಸಿಗಲಿಲ್ಲ. ದೇಹವಿಲ್ಲದೆಯೇ, ಸತ್ತವರನ್ನು ಕಳಿಸಿಕೊಡುವ ಒಂಬತ್ತನೇ ರಾತ್ರಿಯ ಹಾಡು ಹಾಡಿದೆವು. ಹೂಳಲು ಏನೂ ಇರಲಿಲ್ಲವಾದ್ದರಿಂದ ಗೋರಿಯೂ ಇಲ್ಲ. ಈ ಭೂಮಿಯ ಮೇಲೆ ಹೋಪ್ಟನ್‌ನದು ಎಂದು ಉಳಿದದ್ದು ಆ ಮರದ ಬುಡದಲ್ಲಿರುವ ಅಷ್ಟೇ ಅಷ್ಟು. ಕಾಯಿ ಬಿಡುವ ಕಾಲದಲ್ಲಿ ಅಯೋನಿ ಕ್ರೋಟನ್ ಸಾಲಿನ ಈ ಕಡೆ ನಿಂತು ಮೇಲೆ ನೋಡುತ್ತಿದ್ದಳು. ಲೆಬರ್ಟ್ ಮೊದಲ ಕಾಯಿಯನ್ನು ತಂದು ಬೇಲಿಯ ಮೇಲಿಡುತ್ತಿದ್ದ. ಅವಳು ಮುಟ್ಟುತ್ತಿರಲಿಲ್ಲ. ಅದು ಅಲ್ಲೇ ಕೊಳೆತು ಕೋಳಿಗಳ ಪಾಲಾಗುತ್ತಿತ್ತು.

ಅದಾದ ಎರಡನೇ ವರ್ಷ ಮನಾಸೆ ಹಾಸಿಗೆ ಹಿಡಿದ. ಸಾಯುವ ಗಳಿಗೆಯಲ್ಲೂ ಅವನ ತಲೆಯಲ್ಲಿ ಇದ್ದದ್ದು ಬೇಲಿಯೇ. ಪಾದ್ರಿಗಳ ಎದುರಿಗೇ ಮಗನ ಕೈ ಹಿಡಿದುಕೊಂಡು ಹೇಳಿದ. ನಾನೂ ಅಲ್ಲೇ ಇದ್ದೆ.

“ನನ್ನನ್ನ ಬೇಲಿ ಎದುರಿಗೇ ಹೂಳು. ಕಣ್ಣಿಗೆ ಕಾಣ್ತಾ ಇರ್ಬೇಕು. ಆ ಹೆಂಗಸಿಗೆ ಒಂದು ಗೇಣು ಕೊಟ್ಟೆಯೋ, ಎದ್ದು ಬರ್ತೀನಿ ನೋಡು.”

ಲೆಬರ್ಟ್ ಅಪ್ಪನಿಗೆ ಗುಂಡಿ ತೋಡಿದ, ಸಿಮೆಂಟಿನ ಗೋರಿ ಕಟ್ಟಿದ, ಜೀಗುಜ್ಜೆಯಿಂದ ಸ್ವಲ್ಪ ಆಚೆ, ಬೇಲಿಗೆ ಎದುರಾಗಿ. ಪ್ರತಿ ಕ್ರಿಸ್‌ಮಸ್ಸಿಗೆ ಅದಕ್ಕೆ ಸುಣ್ಣ ಬಳಿಯುತ್ತಿದ್ದ.

ಆಮೇಲೆಯೇ ಊರಿನ ಮಾತು ಶುರುವಾದದ್ದು. ಲೆಬರ್ಟ್ ಮಚ್ಚು ಹಿಡಿದು ಬೇಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಾನೆ, ಕ್ರೋಟನ್ ಕೀಳುತ್ತಾನೆ, ನೆಡುತ್ತಾನೆ. ಅದೂ ಶನಿವಾರ, ಅಯೋನಿ ಚರ್ಚಿಗೆ ಹೋದ ಹೊತ್ತು ನೋಡಿ. ಇನ್ನೇನು ಬೇಕು? ಅಂಗಡಿಯ ಕಟ್ಟೆಯ ಮೇಲೆ ಡೊಮಿನೊ ಆಡುವವರಿಗೆ ಹಬ್ಬವಾಯಿತು. “ಅಪ್ಪ ನೆಲಾನ ಬಾಯಿಂದ ತಿಂದ, ಮಗ ಬೇಲಿ ಬೇರಿಂದ ತಿಂತಾ ಇದಾನೆ” ಎಂದು ಒಬ್ಬ. “ಹೀಗೇ ಸರೀತಾ ಹೋದ್ರೆ ಮಿಸ್ ಅಯೋನಿ ಮಂಚದ ಮೇಲೇ ಬೇಲಿ ಬರುತ್ತೆ” ಎಂದು ಇನ್ನೊಬ್ಬ. ಬೇಲಿ ಯಾವ ಕಡೆಗೆ ಸರಿಯುತ್ತಿದೆ ಎಂದು ಹೋಗಿ ನೋಡಿದವರು ಒಬ್ಬರೂ ಇಲ್ಲ. ಬೇಲಿ ಮುಟ್ಟಿದವನು ಕಳ್ಳ, ಅಷ್ಟೇ ಲೆಕ್ಕ. ಅಯೋನಿಯಾದರೂ ಬಾಯಿ ಬಿಟ್ಟು ಹೇಳಬಹುದಿತ್ತು. ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಜನ ಲೆಬರ್ಟ್‌ಗೆ ಕೆಲಸ ಕೊಡುವುದನ್ನು ಕಡಿಮೆ ಮಾಡಿದರು. ಗಡಿ ಕದಿಯುವವನ ಕೈಗೆ ಬೇಲಿ ಕೊಡಲು ಯಾರಿಗೆ ಧೈರ್ಯ? ನಮ್ಮ ಬ್ಯಾಪ್ಟಿಸ್ಟ್ ಚರ್ಚಿನಲ್ಲೂ ಭಾನುವಾರ ಅವನ ಪಕ್ಕ ಯಾರೂ ಕೂರದೆ ಬೆಂಚು ಖಾಲಿ ಬೀಳತೊಡಗಿತು.

ಆ ಹುಡುಗಿ ತರಗತಿಯಲ್ಲಿ ವಾಕ್ಯ ಹೇಳಿದ ವಾರವೇ ನಾನು ಅವನನ್ನು ನನ್ನ ವರಾಂಡಕ್ಕೆ ಕರೆದೆ. ಶುಂಠಿ ಕಷಾಯ ಕೊಟ್ಟೆ. ಬಿಸಿಯಿರುವಾಗಲೇ ಕೇಳಿದೆ.

“ಲೆಬರ್ಟ್, ನೀನು ಬೇಲಿ ಸರಿಸ್ತಾ ಇದೀಯ?”

“ಹೂಂ ಟೀಚರೇ.”

“ನಾಚಿಕೆ ಆಗಲ್ವಾ? ಮಗನ್ನ ಕಳ್ಕೊಂಡ ಹೆಂಗಸಿನ ನೆಲ!”

ಅವನು ಕಷಾಯ ಊದಿದ. ಮತ್ತೆ ಊದಿದ. ನನಗೆ ಆ ಲೋಟ ಕಿತ್ತು ಎಸೆಯಬೇಕೆನ್ನಿಸಿತು.

“ಅವರ ಕಡೆಗಲ್ಲ ಟೀಚರೇ. ನನ್ನ ಕಡೆಗೆ ಸರಿಸ್ತಾ ಇದೀನಿ. ಜೀಗುಜ್ಜೆ ದಾಟೋವರೆಗೂ.”

ಅವನು ನಿಧಾನವಾಗಿ ಎಲ್ಲವನ್ನೂ ಹೇಳಿದ. ಅಯೋನಿ ಈ ಕಡೆ ಕಾಲಿಡುವುದಿಲ್ಲ. ಅಪ್ಪ ಕೊಡಬೇಡ ಎಂದು ಸತ್ತಿದ್ದಾನೆ. ಹಾಗಾದರೆ ಉಳಿದದ್ದು ಒಂದೇ ದಾರಿ, ಬೇಲಿಯೇ ಹೋಗಬೇಕು.

“ಕೊಡೋದು ಅಂದ್ರೆ ಕೈ ಚಾಚ್ಬೇಕು, ಬಾಯಿ ತೆಗೀಬೇಕು. ಅಪ್ಪ ಬೇಡ ಅಂದಿದ್ದು ಅದನ್ನ. ಬೇಲಿ ತಾನಾಗೇ ಅಷ್ಟಷ್ಟು ಸರಿದ್ರೆ ಕೊಟ್ಟವರು ಯಾರು? ಯಾರೂ ಇಲ್ಲ.”

“ಬೇಲಿಗೇನು ಕಾಲಿದೆಯಾ?”

“ಸತ್ತವರಿಗೆ ದಿಢೀರ್ ಅಂತ ಆದದ್ದು ಕಾಣುತ್ತೆ ಟೀಚರೇ. ನಿಧಾನ ಕಾಣಲ್ಲ. ನಮಗೇ ಕಾಣಲ್ಲ, ಮಕ್ಕಳು ಬೆಳೆಯೋದು ಕಾಣುತ್ತಾ? ಅದಕ್ಕೇ ಒಂದ್ಸಲಕ್ಕೆ ನಾಲ್ಕೈದು ಗಿಡ, ಒಂದು ಗೇಣು. ಮೊದ್ಲು ಅಪ್ಪನಿಗೆ ರಮ್ ಹುಯ್ಯೋದು. ಗೋರಿ ತಲೆ ಹತ್ರ. ಕಣ್ಣು ಸ್ವಲ್ಪ ಮಂಜಾಗ್ಲಿ ಅಂತ. ಅಪ್ಪ ಎಷ್ಟು ಕುಡೀತಿದ್ದ ನಿಮಗೆ ಗೊತ್ತಲ್ಲ, ಖರ್ಚು ಬರುತ್ತೆ.”

ನಾನು ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯಳು. ಪ್ರೇತಗಳಿಗೆ, ನಮ್ಮವರು ಡಪ್ಪಿ ಎನ್ನುವ ಆ ಗಾಳಿಗೆ, ಹೆದರಬಾರದು ಎಂದು ಮಕ್ಕಳಿಗೆ ಹೇಳುವವಳು. ಆದರೂ ನಗು ಬರಲಿಲ್ಲ. ಅಪ್ಪನ ಕಣ್ಣು ತಪ್ಪಿಸಿ ಒಳ್ಳೆಯದನ್ನು ಮಾಡಲು ಹೊರಟ ಮಗ ಎದುರಿಗೆ ಕೂತಿದ್ದ.

“ಹೋಗಿ ಅಯೋನಿಗೆ ಹೇಳಬಾರದಾ?” ಎಂದೆ.

“ಬಾಯಿಬಿಟ್ಟು ಹೇಳಿದ್ರೆ ಕೊಟ್ಟ ಹಾಗಾಯ್ತಲ್ಲ. ನೀವೂ ಹೇಳ್ಬೇಡಿ. ಬೈಬಲ್ ಮುಟ್ಟಿ.”

ಮುಟ್ಟಿದೆ. ಆಮೇಲೆ ಅವನು ದನಿ ತಗ್ಗಿಸಿದ. ಅವನನ್ನು ನಿಜವಾಗಿ ತಿನ್ನುತ್ತಿದ್ದ ವಿಷಯ ಆಗ ಬಂತು.

“ಆದ್ರೆ ಅಪ್ಪನಿಗೆ ಗೊತ್ತಾಗಿಬಿಟ್ಟಿದೆ ಅನ್ಸುತ್ತೆ. ಶನಿವಾರ ನೆಟ್ಟಿದ್ದು ಸೋಮವಾರ ನೋಡಿದ್ರೆ ಹಳೇ ಜಾಗಕ್ಕೇ ಬಂದಿರುತ್ತೆ. ಎಷ್ಟು ವರ್ಷದಿಂದ ಮಾಡ್ತಾ ಇದೀನಿ, ಬೇಲಿ ಒಂದು ಹೆಜ್ಜೆ ಮುಂದೆ ಹೋಗಿಲ್ಲ. ತಳ್ತಾ ಇದಾನೆ ಟೀಚರೇ.”

“ಮೇಕೆ ಇರ್ಬೇಕು.”

“ಮೇಕೆ ಗಿಡ ತಿನ್ನುತ್ತೆ. ಕಿತ್ತು ವಾಪಸ್ ನೆಡಲ್ಲ.”

ರಮ್ ಜಾಸ್ತಿ ಮಾಡು ಎಂದು ಹೇಳಿ ಕಳಿಸಿದೆ. ಚರ್ಚಿನ ಹಿರಿಯಳು ಹೇಳುವ ಮಾತೇ ಅದು?

ಹೀಗೆಯೇ ಇನ್ನಷ್ಟು ಮಳೆಗಾಲಗಳು ಕಳೆದವು. ಆಮೇಲೆ ಒಂದು ದಿನ ಸರ್ಕಾರ ಎಲ್ಲರ ನೆಲಕ್ಕೂ ಹಕ್ಕುಪತ್ರ ಕೊಡುತ್ತದಂತೆ, ಸರ್ವೇಯರ್ ಬಂದು ಗಡಿಗಳಿಗೆ ಕಬ್ಬಿಣದ ಗೂಟ ಹೊಡೆಯುತ್ತಾನಂತೆ ಎಂದು ಸುದ್ದಿ ಬಂತು. ಅಕ್ಕಪಕ್ಕದವರಿಬ್ಬರೂ ನಿಂತು ಇದೇ ಗಡಿ ಎಂದು ಒಪ್ಪಬೇಕು. ಒಮ್ಮೆ ಗೂಟ ಬಿದ್ದರೆ ಮುಗಿಯಿತು. ಕ್ರೋಟನ್ ಸರಿದೀತು, ಕಬ್ಬಿಣ ಸರಿಯುವುದಿಲ್ಲ.

ಆ ವಾರ ಅಯೋನಿ ಅಂಗಡಿಯಲ್ಲಿ ಸಿಕ್ಕಳು. ಮೊಣಕಾಲು ಊದಿ, ಕೋಲು ಹಿಡಿದಿದ್ದಳು. ಉಪ್ಪುಮೀನು ಕಟ್ಟಿಸಿಕೊಂಡು ಹೊರಗೆ ಬಂದವಳು ನನ್ನ ತೋಳು ಹಿಡಿದುಕೊಂಡು ನಿಂತಳು.

“ಗೂಟ ಬಿದ್ಮೇಲೆ ಆ ಮರ ಯಾವತ್ತಿಗೂ ಅವರದ್ದೇ ಅಲ್ವಾ ಟೀಚರ್?”

ಉಪ್ಪುಮೀನಿನ ಪೊಟ್ಟಣವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

“ಎಲ್ಲರಿಗೂ ಅವರವರ ಮಕ್ಕಳ ಗೋರಿ ಇದೆ. ಭಾನುವಾರ ಹೂವಿಡ್ತಾರೆ. ನಂಗೆ ಕೂತು ಅಳೋಕೆ ಒಂದು ಗೇಣು ನೆಲ ಇಲ್ಲ. ಬೇಲಿ ಈಚೆ ನಿಂತು ಎಷ್ಟು ಅಂತ ಅಳ್ಲಿ? ಕುತ್ತಿಗೆ ನೋವು ಬರುತ್ತೆ.”

ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬೈಬಲ್ ಮುಟ್ಟಿದ ಕೈ ನೆನಪಾಯಿತು. ಸ್ವಲ್ಪ ತಾಳಮ್ಮ ಎಂದೆ. ಅವಳು ಇಷ್ಟು ವರ್ಷ ಮಾಡಿದ್ದು ಅದನ್ನೇ ಅಲ್ಲವೇ ಎನ್ನುವ ಹಾಗೆ ನನ್ನನ್ನು ನೋಡಿ ನಡೆದಳು.

ನೇರ ಲೆಬರ್ಟನ ಮನೆಗೆ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. “ಪ್ಯಾನ್ಸಿ ಬಸ್ಸು ಹತ್ತಿದ ದಿನಾನೂ ನೀನು ಶೂ ಲೇಸು ಕಟ್ತಾ ಇದ್ದೆ. ಇದೂ ಹಾಗೇ ಹೋಗುತ್ತೆ ನೋಡು!” ಅವನು ಟೊಪ್ಪಿಗೆ ತೆಗೆದ. ಒಳಗೆ ನೋಡಿದ. “ಅಪ್ಪ ಎದ್ದು ಬಂದ್ರೆ ಟೀಚರೇ?” ಎಂದ. ಅವನ ಹೆದರಿಕೆ ನಟನೆಯಲ್ಲ. ಅವನು ಎಷ್ಟೋ ಸತ್ತವರಿಗೆ ಗುಂಡಿ ತೋಡಿದವನು, ಅವರ ಜೊತೆ ಅವನಿಗೆ ನಮಗಿಂತ ಹೆಚ್ಚಿನ ಪರಿಚಯವಿತ್ತು.

ಸರ್ವೇಯರ್ ಬಂದ ಬೆಳಿಗ್ಗೆ ಅರ್ಧ ಊರು ಆ ಬೇಲಿಯ ಹತ್ತಿರ ಸೇರಿತ್ತು. ಕಳ್ಳ ಸಿಕ್ಕಿಬೀಳುವುದನ್ನು ನೋಡಲು ಡೊಮಿನೊ ಆಡುವವರೂ ಆಟ ಬಿಟ್ಟು ಬಂದಿದ್ದರು. ಕ್ರೋಟನ್ ಸಾಲು ಮನಾಸೆ ನೆಟ್ಟ ಜಾಗದಲ್ಲೇ ಇತ್ತು. ಜೀಗುಜ್ಜೆ ಮರ ಅಲ್ಲಿಂದ ಐದಾರು ಹೆಜ್ಜೆ ಆಚೆ, ಲೆಬರ್ಟನ ಕಡೆ, ಕಾಯಿ ಹೊತ್ತು ನಿಂತಿತ್ತು. ಮರದಾಚೆ ಗೋರಿ ಹೊಸ ಸುಣ್ಣದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ರಮ್ಮಿನ ವಾಸನೆ ನನ್ನ ಮೂಗಿಗೇ ಬಡಿಯಿತು, ಸತ್ತವನಿಗೆ ಬಡಿದಿರಲಾರದೇ?

ಸರ್ವೇಯರ್ ಪಟ್ಟಣದ ಹುಡುಗ, ಬೂಟಿಗೆ ಕೆಸರಾಯಿತೆಂದು ಬೇಸರದಲ್ಲಿದ್ದ. “ಗಡಿ ಎಲ್ಲಿ ಹೇಳಿ” ಎಂದ.

ಅಯೋನಿ ಕೋಲಿನಿಂದ ಕ್ರೋಟನ್ ಬುಡ ಕುಟ್ಟಿದಳು. “ಇಲ್ಲಿ. ಮೊದಲಿಂದಾನೂ ಇಲ್ಲೇ. ನಾನು ಒಂದು ಬೆರಳಷ್ಟೂ ತಗೊಂಡಿಲ್ಲ, ತಗೊಳ್ಳೋದೂ ಇಲ್ಲ.”

“ಮಿಸ್ಟರ್ ಫೇಸಿ?”

ಲೆಬರ್ಟ್ ಬೇಲಿಯ ಪಕ್ಕ ನಿಂತಿದ್ದ. ಬೆವರು ಇಳಿಯುತ್ತಿತ್ತು. ಅವನು ಗೋರಿಯನ್ನು ನೋಡಿದ, ಅಯೋನಿಯನ್ನು ನೋಡಿದ. ಸರ್ವೇಯರ್ ಗೂಟ ತೆಗೆದುಕೊಂಡು ಕ್ರೋಟನ್ ಬುಡಕ್ಕೆ ಬಗ್ಗಿದ. ನಾನು ಕಣ್ಣು ಮುಚ್ಚಿಕೊಂಡೆ. ಬಸ್ಸು ಹೋಯಿತು ಎಂದುಕೊಂಡೆ.

ದಬದಬ ಹೆಜ್ಜೆ ಕೇಳಿಸಿತು. ಕಣ್ಣು ಬಿಟ್ಟರೆ ಲೆಬರ್ಟ್ ಓಡುತ್ತಿದ್ದ! ಅವನು ಓಡಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಜೀಗುಜ್ಜೆ ಮರವನ್ನು ದಾಟಿ, ಅದರಾಚೆ ನಿಂತು, ಕಾಲಿನಿಂದ ನೆಲ ಗುದ್ದಿದ.

“ಗಡಿ ಇಲ್ಲಿ! ಇಲ್ಲಿ ಹೊಡೀರಿ!”

ಜನ ಬಾಯಿ ಬಿಟ್ಟುಕೊಂಡು ನಿಂತರು. ಅಯೋನಿ ಕಿರುಚಿದಳು.

“ನೋಡಿದ್ರಾ! ಇದೇ ಇವನ ಮೋಸ! ಬೇಲೀನ ತನ್ನ ಕಡೆ ಸರಿಸೋದು, ಆಮೇಲೆ ಸರ್ವೇಯರ್ ಮುಂದೆ ನಾನು ನೆಲ ಕದ್ದೆ ಅನ್ನೋದು! ಅಪ್ಪನ ಬುದ್ಧಿ! ಪ್ರತಿ ಶನಿವಾರ ಇವನು ಕಿತ್ತು ನೆಡ್ತಾನೆ. ನೀವೆಲ್ಲ ಭಾನುವಾರ ಚರ್ಚಿಗೆ ಹೋದಾಗ ನಾನು ಒಂದೊಂದನ್ನೂ ವಾಪಸ್ ತಂದು ನೆಡ್ತೀನಿ. ನನ್ನ ಕಾಲು ದಾಟಿಲ್ಲ, ಕೈ ಅಷ್ಟೇ ದಾಟಿದ್ದು. ನಾನು ಕಳ್ಳಿಯಲ್ಲ!”

ಲೆಬರ್ಟ್ ಅವಳನ್ನೇ ನೋಡಿದ.

“ನೀವಾ? ಅಪ್ಪ ಅಲ್ವಾ?”

ಡೊಮಿನೊ ಆಡುವವನೊಬ್ಬ ಮೊದಲು ನಕ್ಕ, ಆಮೇಲೆ ಎಲ್ಲರೂ ನಕ್ಕರು. ಒಬ್ಬ ಕೊಡಲು ನೆಡುವುದು, ಇನ್ನೊಬ್ಬಳು ಬೇಡವೆಂದು ಕೀಳುವುದು, ಬೇಲಿ ಪಾಪ ನಿಂತಲ್ಲೇ ಸವೆಯುವುದು. ಇಂಥ ಮಂಕುತನ ನಮ್ಮೂರಲ್ಲಿ ಬಿಟ್ಟು ಇನ್ನೆಲ್ಲಿ ನಡೆದೀತು! ನಗದೆ ಇದ್ದವರು ಅವರಿಬ್ಬರೇ.

“ಕೊಡೋಕಾ?” ಅಯೋನಿಯ ದನಿ ಇಳಿಯಿತು. “ನಂಗ್ಯಾಕೆ ಕೊಡ್ತೀಯ ನೀನು?”

“ಹೋಪ್ಟನ್ ಇಲ್ಲಿದಾನಲ್ಲ ಮಿಸ್ ಅಯೋನಿ. ನೀವು ಈ ಕಡೆ ಬರಲ್ಲ. ಅದಕ್ಕೆ ಬೇಲೀನೇ ಅಷ್ಟಷ್ಟು ಇವನ ಹತ್ರ ತರ್ತಾ ಇದ್ದೆ.”

ನಗು ನಿಂತಿತು. ಲೆಬರ್ಟ್ ಗೋರಿಯ ಕಡೆ ತಿರುಗಿದ. ಟೊಪ್ಪಿಗೆ ತೆಗೆದ, ಆದರೆ ಈ ಸಲ ಅದರೊಳಗೆ ನೋಡಲಿಲ್ಲ.

“ಅಪ್ಪಾ, ಕೊಟ್ಟೆ. ಬಾಯಿಬಿಟ್ಟು ಹೇಳ್ತಾ ಇದೀನಿ, ಕೊಟ್ಟೆ. ಏಳೋದಾದ್ರೆ ಏಳು.”

ನಾವೆಲ್ಲ ಗೋರಿಯನ್ನೇ ನೋಡಿದೆವು. ಪಟ್ಟಣದ ಹುಡುಗನೂ ನೋಡಿದ, ಇಲ್ಲವೆನ್ನಲಿ ನೋಡೋಣ. ಒಂದು ಕೋಳಿ ಗೋರಿಯ ಮೇಲೆ ಹತ್ತಿ, ರೆಕ್ಕೆ ಕೊಡವಿ, ಆಚೆಗೆ ಇಳಿದು ಹೋಯಿತು. ಅಷ್ಟೇ. “ಹೊಡೀಲಾ?” ಎಂದು ಸರ್ವೇಯರ್ ಪಿಸುಗುಟ್ಟಿದ. “ಹೊಡೀರಿ” ಎಂದ ಲೆಬರ್ಟ್. ಸುತ್ತಿಗೆಯ ಸದ್ದು ಗುಡ್ಡದಿಂದ ಗುಡ್ಡಕ್ಕೆ ಹೋಯಿತು.

ಅಯೋನಿ ಮಾತ್ರ ಅಲ್ಲಾಡಲಿಲ್ಲ. ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಉಗುರುಗಳಲ್ಲಿ ಮಣ್ಣಿತ್ತು.

“ಹಾಗಾದ್ರೆ ನನ್ನ ಮಗನ್ನ ನಾನೇ ಆಚೆ ತಳ್ತಾ ಇದ್ನಾ ಟೀಚರ್?” ಎಂದಳು. “ಪ್ರತಿ ಭಾನುವಾರ?”

ಅವಳ ಭುಜ ಹಿಡಿದುಕೊಂಡು ಅತ್ತೆ, ಮುಚ್ಚುಮರೆಯೇನು.

ನೆಲ ಈಗ ಅವಳದು, ಆಣೆಯ ಅಡ್ಡಿಯಿಲ್ಲ. ಆದರೆ ಕ್ರೋಟನ್ ಸಾಲು ನಡುವೆ ಇನ್ನೂ ನಿಂತಿತ್ತು. ಲೆಬರ್ಟ್ ಮಚ್ಚು ಎತ್ತಿಕೊಂಡು ಬಂದ. ಅವಳು ಕೋಲು ಅಡ್ಡ ಹಿಡಿದಳು.

“ಬೇಡ. ನಾನು ನೆಟ್ಟಿದ್ದು. ನಾನೇ ಕೀಳ್ತೀನಿ.”

ಊದಿದ ಮೊಣಕಾಲನ್ನು ನೆಲಕ್ಕೆ ಊರಿ ಕೂತಳು. ಒಂದೊಂದೇ ಗಿಡ ಕಿತ್ತು ಪಕ್ಕಕ್ಕೆ ಇಡತೊಡಗಿದಳು. ಸಹಾಯಕ್ಕೆ ಹೋದವರನ್ನೆಲ್ಲ ಬೈದು ಅಟ್ಟಿದಳು. ಸರ್ವೇಯರ್ ಹೋದ, ಜನ ಹೋದರು. ಬೇಕಾದಷ್ಟು ಕಿಂಡಿ ಆದ ಮೇಲೂ ಅವಳು ನಿಲ್ಲಲಿಲ್ಲ, ಸಾಲಿನ ಕೊನೆಯ ಗಿಡದವರೆಗೂ ಕಿತ್ತಳು. ಹೊತ್ತು ಇಳಿಯುವಾಗ ಕೂತಲ್ಲಿಂದಲೇ ತೆವಳಿಕೊಂಡು ಮರದ ಬುಡಕ್ಕೆ ಹೋಗಿ, ತೊಗಟೆಗೆ ಕೆನ್ನೆಯಿಟ್ಟಳು. ನಾನು ಮನೆಗೆ ಬಂದುಬಿಟ್ಟೆ. ಅದು ಬೇರೆಯವರು ನೋಡುವಂಥದ್ದಲ್ಲ.

ಕಾಯಿ ಬಲಿತ ಮೇಲೆ ಒಂದು ಭಾನುವಾರ ಚರ್ಚು ಮುಗಿಸಿ ನಾನು ಲೆಬರ್ಟನ ಮನೆಯ ಕಡೆಗೆ ಹೋಗಿದ್ದೆ. ಅವನು ಅಪ್ಪನ ಗೋರಿಯ ಅಂಚಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದ. ಅಯೋನಿ ಜೀಗುಜ್ಜೆಯನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ಹೆರೆದು, ಬೆಣ್ಣೆ ಹಚ್ಚಿ, ತಟ್ಟೆಯಲ್ಲಿಟ್ಟುಕೊಂಡು ಮರದ ಕಡೆಯಿಂದ ಬಂದಳು. ಕಬ್ಬಿಣದ ಗೂಟದ ಹತ್ತಿರ ನಿಂತಳು. ಅಲ್ಲಿಂದಾಚೆ ಫೇಸಿಗಳ ನೆಲ. ಒಂದು ಕಾಲು ಎತ್ತಿ ಆಚೆಯಿಟ್ಟಳು, ಅದನ್ನೇ ಸ್ವಲ್ಪ ಹೊತ್ತು ನೋಡಿದಳು, ಇನ್ನೊಂದನ್ನೂ ಇಟ್ಟಳು.

ಮೊದಲ ಹೋಳನ್ನು ಗೋರಿಯ ತಲೆಯ ಹತ್ತಿರ ಇಟ್ಟಳು.

“ತಗೋ ಮಾವ, ತಿನ್ನು. ಹೊಕ್ಕುಳಬಳ್ಳಿ ನಂದು, ನೆಲಾನೂ ನಂದು.”

ಆಮೇಲೆ ತಟ್ಟೆಯನ್ನು ಲೆಬರ್ಟನ ಮುಂದೆ ಹಿಡಿದಳು. “ತಿನ್ನೋ. ಆರಿಹೋಗುತ್ತೆ. ಅದಕ್ಕೂ ವರ್ಷ ತಗೋಬೇಡ.”

ಲೆಬರ್ಟ್ ತಲೆಯೆತ್ತಿ ಅವಳ ಊದಿದ ಮೊಣಕಾಲನ್ನು ನೋಡಿದ. ಗೋರಿಯ ಅಂಚಿನ ಮೇಲೆ, ಅವಳು ಕೂರುವಷ್ಟು ಜಾಗವಾಗುವ ಹಾಗೆ, ಅಷ್ಟು ಆಚೆ ಸರಿದ.